ಬಲಗಡೆಯ ಹೂವು

ನನ್ನ ಅಣ್ಣ ಮುನಿರಾಜು ಮಿಲಿಟರಿಗೆ ಹೋಗದಂತೆ ತಡೆದದ್ದು ದೇವಿಯಲ್ಲ, ನಾನು. ಊರಿನಲ್ಲಿ ಯಾರನ್ನು ಕೇಳಿದರೂ ಬೇರೆಯದನ್ನೇ ಹೇಳುತ್ತಾರೆ — ಊರದೇವತೆ ಸಪ್ಪಲಮ್ಮ ಎಡಗಡೆಯ ಹೂವು ಕೊಟ್ಟಳು, ಮುನಿರಾಜು ಮರುಮಾತಿಲ್ಲದೆ ಊರಲ್ಲೇ ಉಳಿದ ಎಂದು. ಅವನೂ ಹಾಗೆಯೇ ನಂಬಿದ್ದ. ನಂಬಿಕೊಂಡೇ ಇಷ್ಟು ವರ್ಷ ಬದುಕಿದ. ಆ ಹೂವು ಬೀಳುವಂತೆ ಮಾಡಿದವಳು ನಾನು. ಅದಕ್ಕಿಂತ ದೊಡ್ಡದೊಂದು ತಪ್ಪೂ ಅವತ್ತೇ ಆಯಿತು — ಅದನ್ನು ಬರೆಯಲು ಇವತ್ತಿಗೂ ಕೈ ಹಿಂದೆ ಸರಿಯುತ್ತದೆ. ಬರೆಯುತ್ತೇನೆ.

ನಮ್ಮದು ಯಲಹಂಕ ದಾಟಿ ಹುಣಸಮಾರನಹಳ್ಳಿಗೆ ಹೋಗುವ ದಾರಿಯ ಪಕ್ಕದ ಸಣ್ಣ ಹಳ್ಳಿ. ಅಪ್ಪ ತೀರಿಕೊಂಡಿದ್ದರು. ಅವ್ವ, ಅಣ್ಣ, ನಾನು — ಮೂವರಿಗೆ ಒಂದು ದ್ರಾಕ್ಷಿ ತೋಟ. ದ್ರಾಕ್ಷಿಯನ್ನು ಬಿಟ್ಟು ಒಂದು ದಿನ ಎತ್ತಲೂ ಹೋಗುವ ಹಾಗಿಲ್ಲ. ಕತ್ತರಿ ಹಾಕಬೇಕು, ಔಷಧಿ ಹೊಡೆಯಬೇಕು, ಹಣ್ಣು ಬಣ್ಣಕ್ಕೆ ತಿರುಗಿತೆಂದರೆ ಹಕ್ಕಿ ಓಡಿಸುತ್ತ ಚಪ್ಪರದ ಕೆಳಗೇ ಕೂತಿರಬೇಕು. ಅವ್ವನಿಗೆ ಆಗಲೇ ಮಂಡಿನೋವು. ಒಬ್ಬಳ ಕೈಲಿ ಆಗುವ ಕೆಲಸ ಅದಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನ ಮೇಲೆದ್ದರೆ ಸಾಕು, ಅಣ್ಣ ಕತ್ತರಿ ಹಿಡಿದ ಕೈಯನ್ನು ಹಾಗೇ ಮೇಲೆ ನಿಲ್ಲಿಸಿಬಿಡುತ್ತಿದ್ದ. ಅವನ ಆಸೆ ವಿಮಾನವಲ್ಲ, ಕಾಲಾಳು ಪಡೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ; ಎಮ್ಮೆ ಹೊಡೆದುಕೊಂಡು ಹೋಗುವವರು "ಯಾರು ಅಟ್ಟಿಸ್ಕೊಂಡ್ ಬರ್ತಾವ್ರೋ ಮುನಿರಾಜ?" ಎಂದು ಗೇಲಿ ಮಾಡಿದರೆ ನಕ್ಕು ಇನ್ನೂ ಜೋರಾಗಿ ಓಡುತ್ತಿದ್ದ. ಒಂದು ದಿನ ಅವ್ವನಿಗೆ ಹೇಳದೆ ಭರ್ತಿಯ ಮೈದಾನಕ್ಕೆ ಹೋಗಿಬಂದ. ಓಟದಲ್ಲಿ ಪಾಸು, ಎದೆ ಅಳತೆಯಲ್ಲಿ ಪಾಸು, ಡಾಕ್ಟರ ಹತ್ತಿರವೂ ಪಾಸು. ಅಲ್ಲಿ ಹುಡುಗರ ಎದೆಯ ಮೇಲೆ ಶಾಯಿಯಲ್ಲಿ ನಂಬರು ಬರೆಯುತ್ತಾರಲ್ಲ — ಮನೆಗೆ ಬಂದವನು ಅಂಗಿ ಬಿಚ್ಚಿ ಅದನ್ನು ನಮಗೆ ತೋರಿಸಿದ. ಸೋಮವಾರ ಹೋಗಿ ಹಾಜರಾಗುವುದೊಂದೇ ಬಾಕಿ. ಆ ದಿನಗಳಲ್ಲಿ ಅವನು ಸ್ನಾನ ಮಾಡುವಾಗ ಎದೆಗೆ ನೀರು ತಾಗದಂತೆ ನೋಡಿಕೊಳ್ಳುತ್ತಿದ್ದುದನ್ನು ಕಂಡು ನಾನು ಎಷ್ಟು ನಕ್ಕಿದ್ದೆ!

ನಗು ಬೇಗ ಇಂಗಿತು. ಅದೇ ವಾರ ನನಗೂ ಕೆಲಸ ಸಿಕ್ಕಿತ್ತು. ಯಶವಂತಪುರದ ಆಚೆಯ ಕಾರ್ಖಾನೆಯೊಂದರಲ್ಲಿ ಸಣ್ಣ ತಂತಿ ಸುತ್ತುವ ಕೆಲಸ. ಹುಡುಗಿಯರ ಬೆರಳು ಬೇಕೆಂದು ನಮ್ಮನ್ನೇ ಹುಡುಕಿ ತೆಗೆದುಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ತೋಟದಲ್ಲಿ ಹಕ್ಕಿ ಓಡಿಸುತ್ತಿದ್ದವಳಿಗೆ ಅದು ಎಂಥದ್ದು ಎಂದು ಹೇಗೆ ಹೇಳಲಿ... ನನಗೆ ಸಂಬಳಕ್ಕಿಂತ ಹೆಚ್ಚಾಗಿ ಆ ಕಾರ್ಖಾನೆಯ ಬಸ್ಸು ಬೇಕಿತ್ತು. ಗಂಜಿ ಹಾಕಿದ ಸೀರೆ ಉಟ್ಟು, ಟಿಫನ್ ಡಬ್ಬಿ ಹಿಡಿದು, ಕಿಟಕಿ ಪಕ್ಕದಲ್ಲಿ ಕೂತು ಊರಿನಿಂದ ಹೊರಗೆ ಹೋಗಬೇಕಿತ್ತು.

ಅವ್ವ ಎರಡು ಸುದ್ದಿಯನ್ನೂ ಕೇಳಿದಳು. ಒಲೆಯ ಮುಂದೆ ಕೂತಿದ್ದವಳು ನನ್ನ ಕಡೆ ತಿರುಗಿ ಹೇಳಿದಳು: "ಅವ್ನು ಮಿಲಿಟ್ರಿಗೆ ಓಯ್ತಾನೆ ಅಂದ್ರೆ ನೀನು ಮನೇಲಿರ್ಬೇಕು ಕಣೆ ಜಯಾ. ಇಬ್ರೂ ಬಿಟ್ಟೋದ್ರೆ ತೋಟ ಯಾರ್ ನೋಡ್ತಾರೆ? ನನ್ನ ಯಾರ್ ನೋಡ್ತಾರೆ?"

ಅಣ್ಣನಿಗೂ ಅವ್ವನ ಭಯ ಗೊತ್ತಿತ್ತು. ಬರೀ ತೋಟದ ಭಯವಲ್ಲ, ಗುಂಡಿನ ಭಯ. ಅವಳ ಕಣ್ಣೀರನ್ನು ದಾಟಿಕೊಂಡು ಹೋಗುವವನಲ್ಲ ಅವನು. ಅದಕ್ಕೇ ಅವನೇ ಹೇಳಿದ — "ಅಮ್ಮನೋರನ್ನ ಕೇಳಾಣ ಅವ್ವ. ತಾಯಿ ಬ್ಯಾಡ ಅಂದ್ರೆ ಆ ಕಡೆ ತಿರುಗೂ ನೋಡಲ್ಲ ನಾನು."

ನಮ್ಮ ಕಡೆ ಹೂವು ಕೇಳುವುದು ಎಂದರೆ ಹೀಗೆ. ಗುಡಿಯ ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವಿಯ ಎರಡು ಹೆಗಲಿಗೂ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕಾಯಬೇಕು. ದೇವಿಯ ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದರ ಹಿಂದೆಯೇ ಇನ್ನೊಂದೂ ಬಿದ್ದರೆ ಆ ಮಾತು ಲೆಕ್ಕಕ್ಕಿಲ್ಲ; ಹೊಸ ಹೂವು ತಂದು ಮತ್ತೆ ಕೇಳಬೇಕು. ಮದುವೆಗೆ, ಬಾವಿ ತೋಡುವುದಕ್ಕೆ, ಹಸು ಕೊಳ್ಳುವುದಕ್ಕೆ ಎಲ್ಲಕ್ಕೂ ನಮ್ಮೂರಿನವರು ಹೂವನ್ನೇ ಕೇಳುತ್ತಿದ್ದರು. ಕೇಳುವ ಮನೆಯ ಹೆಣ್ಣುಮಗಳು ಆ ದಿನ ಗುಡಿ ತೊಳೆದು, ದೇವಿಯ ಕಲ್ಲನ್ನು ಸೀಗೆಪುಡಿ ಹಾಕಿ ಉಜ್ಜಬೇಕು. ಎಣ್ಣೆ ಜಿಡ್ಡು ಹೋಗಿ ಕಲ್ಲು ಒರಟಾದರೆ ಹೂವು ಸುಮ್ಮಸುಮ್ಮನೆ ಜಾರುವುದಿಲ್ಲ. ಆ ಶುಕ್ರವಾರ ಉಜ್ಜಬೇಕಾದವಳು ನಾನು.

ಉಜ್ಜಿದೆ. ಚೆನ್ನಾಗಿಯೇ ಉಜ್ಜಿದೆ. ಕೊನೆಗೆ ದೀಪದಲ್ಲಿದ್ದ ಹರಳೆಣ್ಣೆಯಲ್ಲಿ ಬೆರಳು ಅದ್ದಿ ದೇವಿಯ ಎಡ ಹೆಗಲಿನ ಮೇಲೆ ಸವರಿದೆ.

ಅವನನ್ನು ಗುಂಡಿನಿಂದ ಉಳಿಸುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಯುದ್ಧವಲ್ಲ, ಬಸ್ಸಿನ ಕಿಟಕಿ. ಇನ್ನೊಂದು ಮಾತೂ ಇದೆ — ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಅವನು ಎಲ್ಲಿಗೆ ಬೇಕಾದರೂ ಹೋಗಬಹುದು, ನಾನು ಮಾತ್ರ ಉಳಿಯಬೇಕು ಎಂದು ಅವ್ವ ಅಷ್ಟು ಸುಲಭವಾಗಿ ಹೇಳಿದಳಲ್ಲ. ಅವ್ವನ ಹತ್ತಿರ ಜಗಳ ಆಡಬಹುದಿತ್ತು. ಅಣ್ಣನಿಗೇ ಬಿಡಿಸಿ ಹೇಳಬಹುದಿತ್ತು. ಹೇಳಿದ್ದರೆ ಅವನು ಏನಾದರೂ ದಾರಿ ಹುಡುಕುತ್ತಿದ್ದನೋ ಏನೋ... ನಾನು ಬಾಯಿ ಬಿಡಲಿಲ್ಲ.

ಸಂಜೆ ಪೂಜಾರಿ ತಾತ ಹೂವು ಅಂಟಿಸಿದರು. ಅವರಿಗೆ ಕಣ್ಣು ಮಂದ. ತಡವಿ ತಡವಿ ಹೆಗಲು ಹುಡುಕಿದರು. ಎಣ್ಣೆ ಅವರ ಬೆರಳಿಗೆ ಹತ್ತೀತೆಂದು ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಹತ್ತಿಯೂ ಇರಬಹುದು, ಗುಡಿಯಲ್ಲಿ ಎಣ್ಣೆಗೆ ಏನು ಬರ! ಅವ್ವ ಕೈಮುಗಿದು ನಿಂತಿದ್ದಳು. ಅಣ್ಣ ಅಂಗಿಯಿಲ್ಲದೆ, ಎದೆಯ ಮೇಲೆ ಆ ನಂಬರಿನ ಸಮೇತ, ಕಣ್ಣು ಮುಚ್ಚಿ ನಿಂತಿದ್ದ. ನಾನು ನೀರಿನ ಚೆಂಬು ಹಿಡಿದು ಪಕ್ಕದಲ್ಲಿದ್ದೆ. ತಾತ ಕೇಳಿ ಮುಗಿಸುವ ಮೊದಲೇ ಎಡಗಡೆಯ ಹೂವು ಜಾರಿ ಬಿತ್ತು.

ತಾತ ಅದನ್ನು ಎತ್ತಿ ಅಣ್ಣನ ಬೊಗಸೆಗೆ ಹಾಕಿ, "ತಾಯಿ ಬ್ಯಾಡ ಅಂದ್ಲು ಕಣಪ್ಪ" ಎಂದರು. ಅಣ್ಣನೂ ಅವ್ವನೂ ನೆಲಕ್ಕೆ ಹಣೆಯಿಟ್ಟು ಅಡ್ಡಬಿದ್ದರು. ತಾತ ಗಂಟೆ ತೆಗೆದುಕೊಳ್ಳಲು ಆ ಕಡೆ ತಿರುಗಿದರು.

ಆಗ ಬಲಗಡೆಯ ಹೂವು ಬಿತ್ತು.

ಅಲ್ಲಿ ನಾನು ಎಣ್ಣೆ ಸವರಿರಲಿಲ್ಲ. ಗಾಳಿಯೂ ಇರಲಿಲ್ಲ. ಅದು ತಾನಾಗಿಯೇ, ನಿಧಾನವಾಗಿ ಕಲ್ಲಿನಿಂದ ಬಿಡಿಸಿಕೊಂಡು, ನನ್ನ ಕಾಲ ಹತ್ತಿರ ಬಂದು ಬಿತ್ತು. "ತಾತ, ಇದೂ ಬಿತ್ತು" ಎಂದರೆ ಸಾಕಿತ್ತು — ಮತ್ತೆ ಕೇಳುತ್ತಿದ್ದರು. ಅಷ್ಟೇ ಅಲ್ಲ, ತಾಯಿಯ ನಿಜವಾದ ಮಾತು ಯಾವುದೆಂದು ಆ ಗುಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ಬಗ್ಗಿ ಆ ಹೂವನ್ನು ಎತ್ತಿಕೊಂಡೆ. ಮುಷ್ಟಿ ಮುಚ್ಚಿದೆ. ಅವರು ಮೇಲೇಳುವ ಹೊತ್ತಿಗೆ ನನ್ನ ಕೈ ಸೆರಗಿನೊಳಗಿತ್ತು. ಬಲ ಹೆಗಲು ಬರಿದಾದದ್ದು ತಾತನ ಮಂದ ಕಣ್ಣಿಗೆ ಬೀಳಲಿಲ್ಲ; ಉಳಿದ ಹೂವನ್ನು ತಾತನೇ ತೆಗೆದರೆಂದು ಅವ್ವ, ಅಣ್ಣ ಅಂದುಕೊಂಡಿರಬೇಕು. ಎರಡು ಹೂವೂ ನಮ್ಮ ಮನೆಗೇ ಬಂದವು. ಒಂದನ್ನು ಅಣ್ಣ ಟವೆಲಿನ ತುದಿಗೆ ಕಟ್ಟಿಕೊಂಡು ಬಂದ, ಇನ್ನೊಂದನ್ನು ನಾನು ದಾರಿಯುದ್ದಕ್ಕೂ ಹಿಸುಕುತ್ತ ಬಂದು ದ್ರಾಕ್ಷಿ ತೋಟದ ಕಾಲುವೆಗೆ ಎಸೆದೆ.

ಮನೆಗೆ ಬಂದವನೇ ಅಣ್ಣ ಬಾವಿಕಟ್ಟೆಗೆ ಹೋದ. ತೆಂಗಿನ ನಾರು ತೆಗೆದುಕೊಂಡು ಎದೆ ಉಜ್ಜಿಕೊಂಡ. ಶಾಯಿ ಬೇಗ ಹೋಗಲಿಲ್ಲ. ಚರ್ಮ ಕೆಂಪಾಗುವವರೆಗೂ ಉಜ್ಜಿದ. ನೀರು ಸೇದಿಕೊಡಲು ನಾನೇ ನಿಂತಿದ್ದೆ. "ಸಾಕು ಬಿಡಣ್ಣ" ಎಂದೆ. "ಇರ್ಲಿ ಉಯ್ಯಿ" ಎಂದ.

ಸೋಮವಾರ ಕಳೆಯಿತು. ಅವನು ತೋಟಕ್ಕೆ ಹೋದ, ನಾನು ಬಸ್ಸು ಹತ್ತಿದೆ. ಮೊದಲ ದಿನ ನನ್ನನ್ನು ಬಸ್‌ಸ್ಟಾಪಿನವರೆಗೆ ಕರೆದುಕೊಂಡು ಬಂದು, ಕಿಟಕಿ ಪಕ್ಕದ ಸೀಟು ಸಿಕ್ಕಿತೇ ಎಂದು ಹೊರಗಿನಿಂದ ಇಣುಕಿ ನೋಡಿ ಕೈಬೀಸಿದವನು ಅವನೇ. ಆ ಕೆಲಸದಿಂದ ನನಗೆ ಎಲ್ಲವೂ ಬಂತು — ನಾಲ್ಕು ಜನರ ಪರಿಚಯ, ಸಂಜಯನಗರದ ಗಂಡ, ಬಾಡಿಗೆ ಮನೆ, ಮಕ್ಕಳು. ಕೆಲಸದಲ್ಲಿ ನನಗೆ ಸುಖವಿತ್ತು. ಅದನ್ನೂ ಒಪ್ಪಿಕೊಳ್ಳಬೇಕು, ಪಶ್ಚಾತ್ತಾಪದಲ್ಲಿ ದಿನವೂ ಬೆಂದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಎಷ್ಟೋ ತಿಂಗಳು ನೆನಪೇ ಆಗುತ್ತಿರಲಿಲ್ಲ.

ಅಣ್ಣನೂ ಮದುವೆಯಾದ. ಕೆಟ್ಟು ಹೋಗಲಿಲ್ಲ, ಕುಡಿಯಲಿಲ್ಲ, ಯಾರನ್ನೂ ದೂರಲಿಲ್ಲ. ಆದರೆ ತಲೆಗೂದಲನ್ನು ಯಾವಾಗಲೂ ಸಣ್ಣಗೆ ಕತ್ತರಿಸಿಕೊಳ್ಳುತ್ತಿದ್ದ. ಮಿಲಿಟರಿ ಲಾರಿಗಳು ರಸ್ತೆ ಪಕ್ಕ ನಿಂತರೆ ಒಂದು ಮಂಕರಿ ದ್ರಾಕ್ಷಿ ಹೊತ್ತುಕೊಂಡು ಹೋಗಿ ಕೊಟ್ಟು, ಬಾರದ ಹಿಂದಿಯಲ್ಲಿ "ಕೌನ್ಸಾ ಗಾಂವ್?" ಎಂದು ಕೇಳುತ್ತ ಅವರು ಹೊರಡುವವರೆಗೂ ಅಲ್ಲೇ ನಿಂತಿರುತ್ತಿದ್ದ. ಅತ್ತಿಗೆ "ನಿಮ್ಮಣ್ಣನ ನೆಂಟ್ರು ಬಂದವ್ರೆ" ಎಂದು ತಮಾಷೆ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ?

ಅವ್ವ ಹೋದಳು. ಪೂಜಾರಿ ತಾತನೂ ಹೋದರು, ಅವರಿಗೆ ಗಂಡುಮಕ್ಕಳಿರಲಿಲ್ಲ. ಊರಿನವರೆಲ್ಲ ಸೇರಿ, ತಾಯಿಯ ಮಾತು ಉಳಿಸಿದವನು ಎಂದು ಮುನಿರಾಜುವನ್ನೇ ಪೂಜೆಗೆ ನಿಲ್ಲಿಸಿದರು. ಹಾಗೆ ನನ್ನ ಅಣ್ಣ ಎಲ್ಲರಿಗೂ ಹೂವು ಅಂಟಿಸುವವನಾದ. ನನಗೆ ಕಾರ್ಖಾನೆಯ ವಾರದ ರಜೆ ಶುಕ್ರವಾರ. ಬಸ್ಸು ಹಿಡಿದು ಊರಿಗೆ ಹೋಗಿ ಗುಡಿ ತೊಳೆದುಕೊಡುತ್ತಿದ್ದೆ. ನಾನೇ ಆ ಕೆಲಸ ಕೇಳಿ ಪಡೆದಿದ್ದೆ. ಯಾಕೆಂದು ಅವನು ಕೇಳಿರಲಿಲ್ಲ. ಪ್ರತಿ ಸಲವೂ ಎಡ ಹೆಗಲನ್ನು ಎರಡೆರಡು ಬಾರಿ ಉಜ್ಜುತ್ತಿದ್ದೆ.

ಇದೇ ವರ್ಷ ಯುಗಾದಿ ಕಳೆದ ಮೇಲೆ ಪಕ್ಕದ ಊರಿನ ಗೋಪಾಲ ಎಂಬ ಹುಡುಗ ತಂದೆ ತಾಯಿಯ ಜೊತೆ ಹೂವು ಕೇಳಲು ಬಂದ. ಅವನದೂ ಮಿಲಿಟರಿಯ ಮಾತೇ. ಅವನಿಗೂ ಎಡಗಡೆಯದೇ ಬಿತ್ತು — ಅವತ್ತು ಯಾರೂ ಏನೂ ಸವರಿರಲಿಲ್ಲ, ನಾನೇ ಉಜ್ಜಿದ್ದೆ. ಹುಡುಗ ಮುಖ ಮುಚ್ಚಿಕೊಂಡು ಅಳತೊಡಗಿದ. ಅಣ್ಣ ಅವನ ಭುಜದ ಮೇಲೆ ಕೈಯಿಟ್ಟ.

"ನಂಗೂ ಎಡಗಡೆನೇ ಬಿದ್ದಿತ್ತು ಕಣ್ ಮಗಾ. ನಾನೂ ನಿನ್ನಂಗೇ ಅತ್ತಿದ್ದೆ, ಬಾವಿಕಟ್ಟೆ ಮೇಲೆ. ತಾಯಿ ಸುಮ್‌ಸುಮ್ನೆ ಬ್ಯಾಡ ಅನ್ನಲ್ಲ. ನನ್ ನೋಡು, ಏನ್ ಕಮ್ಮಿಯಾಗೈತೆ ನಂಗೆ?"

ಅವನು ಬಾವಿಕಟ್ಟೆಯಲ್ಲಿ ಅತ್ತಿದ್ದ. ಪಕ್ಕದಲ್ಲೇ ನೀರು ಸೇದುತ್ತಿದ್ದವಳಿಗೆ ಅದು ಕಂಡಿರಲಿಲ್ಲ. ನೀರು ಹುಯ್ದುಕೊಳ್ಳುತ್ತಿದ್ದ ಮುಖದಲ್ಲಿ ಯಾವುದು ಏನೆಂದು ನಾನು ನೋಡಿರಲೂ ಇಲ್ಲ.

ಅವರೆಲ್ಲ ಹೋದ ಮೇಲೆ ಹೇಳಿಬಿಟ್ಟೆ. ಅಣ್ಣ ಹೊರಗಿನ ಜಗಲಿಯಲ್ಲಿ ಕೂತು ಹುಣಸೆಹಣ್ಣು ಹಾಕಿ ಆರತಿ ತಟ್ಟೆ ತಿಕ್ಕುತ್ತಿದ್ದ. ಎಣ್ಣೆಯ ಮಾತು ಮೊದಲು ಹೇಳಿದೆ. ತಿಕ್ಕುವ ಕೈ ನಿಂತಿತು, ತಲೆ ಎತ್ತಲಿಲ್ಲ. ಬಸ್ಸಿನ ಆಸೆ, ಅವ್ವನ ಮಾತು, ನನ್ನ ಹೊಟ್ಟೆಕಿಚ್ಚು ಎಲ್ಲ ಹೇಳಿದೆ. ಬೈಯುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದುಕೊಂಡೆ. ಎಸೆಯಲಿ ಎಂದೇ ಕಾದೆ. ಕೊನೆಗೆ ಬಲಗಡೆಯ ಹೂವಿನ ಮಾತು ಹೇಳಿದಾಗ ಅವನು ತಲೆ ಎತ್ತಿದ.

"ಅದಕ್ಕೂ ಎಣ್ಣೆ ಸವರಿದ್ಯಾ?"

"ಇಲ್ಲಣ್ಣ."

"ತಾನಾಗೇ ಬಿತ್ತಾ?"

"ತಾನಾಗೇ ಬಿತ್ತು. ನನ್ನ ಕಾಲ ಹತ್ರ ಬಿತ್ತು."

ಅವನು ನನ್ನನ್ನೇ ನೋಡಿದ — ನನ್ನನ್ನಲ್ಲ, ನನ್ನ ಹಿಂದಿದ್ದ ಗುಡಿಯ ಬಾಗಿಲನ್ನು. ಆಮೇಲೆ ಅವನ ಮುಖ ಅರಳಿತು. ದೇವರಾಣೆ, ಅರಳಿತು. ಕೆರೆ ಏರಿಯ ಮೇಲೆ ಓಡುತ್ತಿದ್ದ ಆ ಮುನಿರಾಜುವನ್ನು ಇಷ್ಟು ವರ್ಷಗಳ ಮೇಲೆ ಒಂದು ಗಳಿಗೆ ಕಂಡೆ.

"ಅಂಗಾದ್ರೆ ತಾಯಿ ಓಗು ಅಂದಿದ್ಲು" ಎಂದ. "ಅಂದಿದ್ಲು ಕಣೆ ಜಯಾ."

ಅಷ್ಟೇ. ಮತ್ತೆ ತಟ್ಟೆ ತಿಕ್ಕಲು ಶುರುಮಾಡಿದ. ತಿಕ್ಕುತ್ತ ತಿಕ್ಕುತ್ತ ಆ ಅರಳಿದ್ದು ಮೆಲ್ಲಗೆ ಮುಖದಿಂದ ಹೋಯಿತು. ಈಗ ಅವನ ತಲೆಯಲ್ಲಿ ನರೆ ಇದೆ, ಯಾವ ಮೈದಾನದಲ್ಲೂ ಅವನನ್ನು ಓಡಿಸುವವರಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಬಾಯಿಗೆ ಬಂದಿತ್ತು. ಕೇಳಿದ್ದರೆ ಅವನು "ಓಗ್ಲಿ ಬಿಡು" ಎನ್ನುತ್ತಿದ್ದ. ಅದನ್ನೂ ಅವನಿಂದ ಇಸಕೊಳ್ಳುವುದು ಬೇಡವೆನಿಸಿತು.

ಮುಂದಿನ ಶುಕ್ರವಾರ ಎಂದಿನಂತೆ ಬೆಳಗಿನ ಬಸ್ಸು ಹಿಡಿದು ಊರಿಗೆ ಹೋದೆ. ಪೊರಕೆ, ಸೀಗೆಪುಡಿ ತೆಗೆದುಕೊಂಡು ಗುಡಿಗೆ ಬಂದರೆ ಗರ್ಭಗುಡಿಯ ನೆಲ ಆಗಲೇ ಒದ್ದೆಯಾಗಿತ್ತು. ದೇವಿಯ ಕಲ್ಲು ಉಜ್ಜಿ ಮುಗಿದಿತ್ತು. ಅಣ್ಣ ಒಳಗೆ ಬೆನ್ನು ತಿರುಗಿಸಿ ದೀಪಕ್ಕೆ ಬತ್ತಿ ಹಾಕುತ್ತಿದ್ದ. ನನ್ನ ಹೆಜ್ಜೆ ಕೇಳಿ, ತಿರುಗದೆಯೇ, "ಅತ್ತಿಗೆ ಮುದ್ದೆ ಮಾಡವ್ಳೆ, ಊಟ ಮಾಡ್ಕೊಂಡೋಗು" ಎಂದ.

ಈಗಲೂ ಪ್ರತಿ ಶುಕ್ರವಾರ ಹೋಗುತ್ತೇನೆ. ಪೊರಕೆ ಒಯ್ಯುವುದಿಲ್ಲ. ಹೊಸ್ತಿಲ ಹೊರಗೆ ನಿಂತು ಕೈಮುಗಿದು ಬರುತ್ತೇನೆ.