ಬಾರದ ಮೋಟಾರಿಗೆ ಬಿಟ್ಟ ಜಾಗ

ಇಸವಿ ನನಗೆ ಖಚಿತವಿಲ್ಲ. ಕೊಲ್ಹಾಪುರದಲ್ಲಿ ಬಿ.ಎ. ಮುಗಿಸಿ ಇಚಲಕರಂಜಿಯ ಮನೆಗೆ ಬಂದ ವರ್ಷವೋ, ಅದರ ಮರುವರ್ಷವೋ. ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ಆ ದಿನದ ಪುಟದಲ್ಲಿ 'ಅರ್ಜಿ ಬರೆದುಕೊಟ್ಟೆ' ಎಂಬುದಷ್ಟೇ ಇದೆ. ಉಳಿದದ್ದನ್ನು ನೆನಪಿನಿಂದ ತುಂಬುತ್ತಿದ್ದೇನೆ. ತುಂಬುವಾಗ ನನಗೆ ಅನುಕೂಲವಾಗುವಂತೆ ತಿದ್ದಿರಲೂಬಹುದು.

ನಮ್ಮ ಮನೆ ಪೇಟೆಯ ನಡುವೆ ಇತ್ತು. ಹಿಂಬದಿಗೆ ಅಪ್ಪನ ನಾಲ್ಕು ಪವರ್‌ಲೂಮ್, ಮುಂದೆ ಬೀದಿಗೆ ಚಾಚಿದ ಕಲ್ಲಿನ ಕಟ್ಟೆ. ಗಂಡ ತೀರಿದ ಮೇಲೆ ಗಡಹಿಂಗ್ಲಜದಿಂದ ಬಂದು ನಮ್ಮಲ್ಲೇ ಉಳಿದಿದ್ದ ಸೋದರತ್ತೆ ದಿನವಿಡೀ ಆ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಅಂದರೆ ಕಂಡಿಕೆ, ಸುತ್ತುತ್ತಿದ್ದಳು. ಓಣಿಯ ಇನ್ನಿಬ್ಬರು ಹೆಂಗಸರೂ ತಮ್ಮ ರಾಟಿ ತಂದು ಅಲ್ಲೇ ಕೂಡುತ್ತಿದ್ದರು. ಪಾಳಿ ಬಿಟ್ಟಾಗ ಸೈಕಲ್ ಮೇಲೆ ಹೋಗುವ ಕೆಲಸಗಾರರು, "ಎಷ್ಟ ಕಂಡಿಕಿ ಆದೂರಿ ಅಕ್ಕಾರ?" ಎಂದು ಕೂಗುವರು. "ನೀ ಕೇಳೂದ ಬಿಟ್ರ ಇನ್ನೆರಡ ಆಗ್ತಾವು, ನಡಿ!" ಎನ್ನುವಳು ಅತ್ತೆ.

ಆ ದಿನಗಳಲ್ಲಿ ಪೇಟೆಯಲ್ಲೆಲ್ಲ ಒಂದೇ ವಾದ: ಮನೆಗಳನ್ನು ಎಷ್ಟು ಎತ್ತರ ಏರಿಸಬಹುದು, ಮೋಟಾರುಗಳು ಎಲ್ಲಿ ನಿಲ್ಲಬೇಕು. ಇನ್ನೊಂದು ಅಂತಸ್ತು ಬೇಕಾದವರು ಮನೆಯ ಮುಂದೆ ಗಾಡಿ ನಿಲ್ಲುವಷ್ಟು ಜಾಗ ತೆರವು ಮಾಡಬೇಕು ಎಂದು ಮುನಸಿಪಾಲಿಟಿಯವರು ಹೇಳಿದ್ದರು. ಅಪ್ಪನಿಗೆ ಅಂತಸ್ತು ಬೇಕಿತ್ತು; ತೆರವಾಗಬೇಕಾದದ್ದು ಆ ಕಟ್ಟೆ. ಎದುರಿನ ನೂಲಿನ ವ್ಯಾಪಾರಿ ಬಂದು ಕೆಣಕಿದರು.

"ಮೋಟಾರ ಎಲ್ಲೈತ್ರಿ ಸಾವಕಾರ? ಕಟ್ಟಿ ಅಷ್ಟ ಕಾಣಾಕತ್ತೈತಿ."

"ಬರತೈತ್ರಿ. ನಾಳೆ ಈ ರಸ್ತೇದಾಗ ಸೈಕಲ್ ಹಾಯಾಕ ಜಾಗಾ ಇರೂದಿಲ್ಲ, ಅಷ್ಟ ಮೋಟಾರ ಆಗ್ತಾವು."

"ಆಗ್ಲಿ. ಆದ್ರ ಎಲ್ಲಾರೂ ಮ್ಯಾಲ ಏರಿಸ್ಕೊಂತ ಹೋದ್ರ ನನ್ನ ಅಂಗಡಿಗೆ ಬೆಳಕ ಎಲ್ಲಿಂದ ಬರಬೇಕು? ನೂಲಿನ ಬಣ್ಣಾ ಕಂದೀಲ ಹಿಡದ ತೋರಸ್ಲೇನು?"

"ನೀವೂ ಏರಸ್ರಿ, ಯಾರ ಬ್ಯಾಡ ಅಂದಾರ?"

ಇಬ್ಬರೂ ನಕ್ಕರು. ಕಟ್ಟೆಯ ಮೇಲೆ ಕೂತಿದ್ದ ಅತ್ತೆಯನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಊರು ಮಹಾರಾಷ್ಟ್ರಕ್ಕೆ ಸೇರಿದ್ದರಿಂದ ಅಂತಸ್ತಿನ ಪರವಾನಗಿಯ ಅರ್ಜಿಯನ್ನು ಮರಾಠಿಯಲ್ಲಿ ಬರೆಯಬೇಕಿತ್ತು. ಮನೆಯಲ್ಲಿ ಅಷ್ಟು ಕಲಿತವಳು ನಾನೊಬ್ಬಳೇ. ತೆರವು ಮಾಡುವ ಜಾಗ ಸದ್ಯ ಯಾವ ಉಪಯೋಗದಲ್ಲಿದೆ ಎಂದು ಒಂದು ಸಾಲಿನಲ್ಲಿ ತಿಳಿಸಬೇಕಿತ್ತು. 'ಯಾವ ಉಪಯೋಗವೂ ಇಲ್ಲ' ಎಂದು ಬರೆದೆ. ಅಪ್ಪ ಹೇಳಿ ಬರೆಸಿದ್ದು ಎಂದೇ ಬಹಳ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಂಗಡಿ, ಗೋದಾಮು ಇದ್ದರೆ ಅದು ಉಪಯೋಗ. ಹೆಂಗಸರು ಕೂತು ಕಂಡಿಕೆ ಸುತ್ತುವುದೂ ಉಪಯೋಗವೇ ಎಂದು ನನಗೆ ಹೊಳೆಯಲಿಲ್ಲ ಎನ್ನಬಹುದು. ಆದರೆ ಹೊಸ ಅಂತಸ್ತಿನಲ್ಲಿ ಓದಿಕೊಳ್ಳಲು ನನಗೊಂದು ಕೋಣೆ ಕೊಡುವುದಾಗಿ ಅಪ್ಪ ಹೇಳಿದ್ದ. ಆ ಕೋಣೆಯ ಬಗ್ಗೆ ದಿನಚರಿಯಲ್ಲಿ ಎರಡು ಪುಟ ಬರೆದಿದ್ದೇನೆ.

ಅಪ್ಪ ಸಹಿ ಮಾಡುವ ಮೊದಲು ಅರ್ಜಿಯನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಹೇಳಿದೆ. ಅತ್ತೆ ಬಾಗಿಲ ಬಳಿಯೇ ಇದ್ದಳು.

"ಮ್ಯಾಲ ಬೆಳಕ ಛಲೋ ಬರತೈತಿ ಅಕ್ಕಾ. ರಾಟಿ ಅಲ್ಲೇ ಇಟಗೊ," ಎಂದ ಅಪ್ಪ.

"ಹೂಂ," ಎಂದಳು.

ಕಟ್ಟೆ ಒಡೆದರು, ಅಂತಸ್ತು ಎದ್ದಿತು. ನನ್ನ ಕೋಣೆಯಲ್ಲಿ ನಾನಿದ್ದದ್ದು ಒಂದೇ ಮಳೆಗಾಲ. ಕೊಲ್ಹಾಪುರದಲ್ಲಿ ಮಾಸ್ತರಿಕೆ ಸಿಕ್ಕು ಹೊರಟೆ, ಕೋಣೆ ಅತ್ತೆಗಾಯಿತು. ಅಲ್ಲಿನ ಬಾಡಿಗೆ ಕೋಣೆಯಲ್ಲಿ ಇಡೀ ರವಿವಾರ ಯಾರೊಡನೆಯೂ ಮಾತಿಲ್ಲದೆ ಕಳೆಯುವಾಗ ಅವಳು ನೆನಪಾಗುತ್ತಿದ್ದಳು. ನೆನಪಾಗುತ್ತಿದ್ದಳೋ, ಈಗ ಹಾಗೆ ಅಂದುಕೊಳ್ಳುತ್ತಿದ್ದೇನೋ.

ದೀಪಾವಳಿಗೆ ಬಂದಾಗ ಮೋಟಾರು ಬಂದಿರಲಿಲ್ಲ. ಖಾಲಿ ಜಾಗದಲ್ಲಿ ಸೈಕಲ್ ನಿಲ್ಲಿಸಿದ ಕೆಲಸಗಾರನೊಬ್ಬನನ್ನು ಅಪ್ಪ ಗದರಿಸಿ ಕಳಿಸಿದ. ಜೊತೆಗೆ ಕೂಡುತ್ತಿದ್ದ ಹೆಂಗಸರು ಓಣಿಯ ಕೊನೆಯ ಮನೆಯ ಕಟ್ಟೆಗೆ ಹೋಗಿದ್ದರು. ತನ್ನ ತಮ್ಮನ ಮಗ್ಗದ ನೂಲು ಹೊತ್ತು ಪರರ ಮನೆಯ ಮುಂದೆ ಕೂಡುವುದು ಅತ್ತೆಗೆ ಆಗದ ಮಾತು. ಮಾಳಿಗೆಯ ಕಿಟಕಿಯಿಂದ ನೋಡಿದರೆ ಸೈಕಲ್ಲಿನವರ ಟೊಪ್ಪಿಗೆಗಳಷ್ಟೇ ಕಂಡವು. ಯಾರೂ ಮೇಲೆ ನೋಡಲಿಲ್ಲ. ಬೆಳಕು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಅವಳ ಪಕ್ಕದಲ್ಲಿ ಕೂತು ಕೇಳಿದೆ. ಅವಳು ಹರಿದ ನೂಲಿಗೆ ಗಂಟು ಹಾಕಿ ಮತ್ತೆ ರಾಟಿ ತಿರುಗಿಸಿದಳು. ಆಮೇಲೆ ಎಷ್ಟೋ ವರ್ಷ ಬದುಕಿದ್ದಳು, ಅದೇ ಕಿಟಕಿಯ ಬಳಿ ಕಂಡಿಕೆ ಸುತ್ತಿದಳು. ಅವತ್ತು ನಾನು ಕೇಳಿದ್ದು ಇಷ್ಟೇ:

"ಅತ್ತಿ, ನಾ ಓದಿ ಹೇಳಿದಾಗ 'ಅಲ್ಲೆ ನಾ ಕುಂಡ್ರತೇನಿ' ಅಂತ ಒಂದ ಮಾತ ಯಾಕ ಅನ್ನಲಿಲ್ಲ ನೀ?"