ಮೂವತ್ತೊಂಬತ್ತು ಪಾಯಿಂಟ್ ನಾಲ್ಕು ಆರು

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು 'ಹೆಚ್ಚುಕಮ್ಮಿ' ಎಂದು. ಕೆಲಸ ಎಲೆಕ್ಟ್ರಿಷಿಯನ್‌ನದು. ಬಾಯಿ ಬಿಟ್ಟರೆ ಮೊದಲು ಉದುರುವ ಮಾತೇ 'ಹೆಚ್ಚುಕಮ್ಮಿ'. ವಯಸ್ಸೆಷ್ಟು ಎಂದರೆ ಹೆಚ್ಚುಕಮ್ಮಿ ಐವತ್ತು, ಆಗ ನಲವತ್ತಾರು. ಎತ್ತರ ಹೆಚ್ಚುಕಮ್ಮಿ ಆರಡಿ; ಇದ್ದದ್ದು ಐದೂವರೆಯ ಮೇಲೆ ಒಂದು ಬೆರಳು.

"ರೌಂಡ್ ಮಾಡಿದ್ರೆ ಆರೇ ಬರುತ್ತೆ ಕಣೇ" ಎಂದು ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದ.

"ಅಟ್ಟದ ಮೇಲಿನ ಡಬ್ಬ ಇಳಿಸಿ ಅಂದಾಗ ಮಾತ್ರ ಆ ಅರ್ಧ ಅಡಿ ಎಲ್ಲಿಗೆ ಹೋಗುತ್ತೋ!" ಎನ್ನುತ್ತಿದ್ದಳು ಅವಳು.

ನಾವು ಮೊದಲ ಸಲ ಗೇಟಿನ ಮುಂದೆ ಧರಣಿ ಕೂತಾಗ ಮುನ್ನೂರ ಚಿಲ್ಲರೆ ಜನ ಇದ್ದೆವು. ಪತ್ರಿಕೆಯವನು ಬಂದು ಎಷ್ಟು ಜನ ಎಂದು ಕೇಳಿದ. ಸಂಘದ ಮುಖಂಡರು ಬಾಯಿ ತೆರೆಯುವಷ್ಟರಲ್ಲಿ ಇವನು "ಹೆಚ್ಚುಕಮ್ಮಿ ಸಾವಿರ" ಅಂದುಬಿಟ್ಟ. ಮರುದಿನದ ಪತ್ರಿಕೆಯಲ್ಲಿ ನಮ್ಮ ಬಗ್ಗೆ ಒಂದಕ್ಷರ ಇರಲಿಲ್ಲ. ಎಲ್ಲರೂ ಪತ್ರಿಕೆಗೆ ಬೈದೆವು. ನಿಯಮದ ಪ್ರಕಾರ ನೋಡಿದರೆ ಅವರದೇ ಸರಿ. ಮುನ್ನೂರನ್ನು ಹತ್ತಿರದ ಸಾವಿರಕ್ಕೆ ತಂದರೆ ಬರುವುದು ಸೊನ್ನೆ.

ಹಾಗೆ ಕೂತಿದ್ದು ಇಸ್ತ್ರಿ ಮಾಡುವ ಹಾಲ್‌ನ ಸಲುವಾಗಿ. ಅಂಗಿ ಹೊಲಿಯುವ ಕಾರ್ಖಾನೆ ಅದು. ಹೊಲಿದ ಅಂಗಿಗಳೆಲ್ಲ ಕೊನೆಗೆ ಉದ್ದನೆಯ ಒಂದು ಹಾಲಿಗೆ ಬರುತ್ತವೆ. ತಲೆಯ ಮೇಲೆ ಹಬೆಯ ಕೊಳವೆಗಳು, ಕೆಳಗೆ ಸಾಲಾಗಿ ಟೇಬಲ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಮೂರನೇ ಟೇಬಲ್ಲು ಹೆಚ್ಚುಕಮ್ಮಿಯ ಹೆಂಡತಿಯದು, ಸರಿಯಾಗಿ ಬಾಯ್ಲರಿನ ಕೊಳವೆಯ ಕೆಳಗೆ. ಒಮ್ಮೆ ತಲೆ ತಿರುಗಿ ಬಿಸಿ ಹಲಗೆಯ ಮೇಲೇ ಬಿದ್ದಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎದ್ದುಬಂದಿತ್ತು. ಇನ್ನೊಮ್ಮೆ ಬಿದ್ದರೆ ಮುಖವೇ ಹಲಗೆಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಉಳಿದದ್ದೆಲ್ಲ ಹೆಚ್ಚುಕಮ್ಮಿ ಆದರೂ ಅದೊಂದು ಅವನಿಗೆ ಹೆಚ್ಚುಕಮ್ಮಿ ಆಗುವಂತಿರಲಿಲ್ಲ.

ಹಾಲ್‌ನ ಉಷ್ಣತೆ ನಲವತ್ತು ಡಿಗ್ರಿ ಮುಟ್ಟಿದರೆ ಇಪ್ಪತ್ತು ನಿಮಿಷ ವಿರಾಮ ಎಂಬ ಮಾತು ಮೊದಲೇ ಇತ್ತು. ಆದರೆ ಆಫೀಸಿನವರು ಬಾಗಿಲ ಬಳಿಯ ಕರಿಹಲಗೆಯ ಮೇಲೆ ದಶಮಾಂಶ ಕತ್ತರಿಸಿ ಬರೆಯುತ್ತಿದ್ದರು. ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು ಇದ್ದರೂ ಹಲಗೆಯಲ್ಲಿ ಮೂವತ್ತೊಂಬತ್ತು. ನಾವು ಗೇಟಿಗೆ ಕೂತು ಗಿಟ್ಟಿಸಿದ್ದು ಮೂರನೇ ಕ್ಲಾಸಿನ ಒಂದು ಪಾಠ: ದಶಮಾಂಶ ಐದು ಅಥವಾ ಅದಕ್ಕಿಂತ ಮೇಲಿದ್ದರೆ ಮೇಲಿನ ಪೂರ್ಣಾಂಕ; ಕಡಿಮೆಯಿದ್ದರೆ ಕೆಳಗಿನದು. ಕ್ರಾಂತಿ ಅಂದುಕೊಂಡು ಹೊರಟವರು ಕಾಪಿ ಪುಸ್ತಕಕ್ಕೆ ಬಂದು ನಿಂತೆವು. ಉಷ್ಣತೆ ನೋಡಿ ಗಂಟೆ ಹೊಡೆಯುವ ಕೆಲಸ ಹೆಚ್ಚುಕಮ್ಮಿಗೆ ಬಂತು.

ಮ್ಯಾನೇಜರ್ ಸುಮ್ಮನಿರುವ ಆಸಾಮಿಯಲ್ಲ. "ನಿಖರವಾಗಿರಲಿ" ಎಂದು ಹಳೇ ಥರ್ಮಾಮೀಟರ್ ಕಿತ್ತುಹಾಕಿಸಿ, ದಶಮಾಂಶ ಬಿಂದುವಿನ ನಂತರ ಎರಡಂಕಿ ತೋರಿಸುವ ಹೊಸ ಮೀಟರ್ ತರಿಸಿದ. ಮೊದಲ ಮಧ್ಯಾಹ್ನವೇ ಅದು ತೋರಿಸಿದ್ದು 39.46.

ಹೆಚ್ಚುಕಮ್ಮಿ ಗಲ್ಲ ಕೆರೆದುಕೊಂಡು ಕೊನೆಯಿಂದ ಶುರುಮಾಡಿದ. ಆರು ಐದಕ್ಕಿಂತ ಜಾಸ್ತಿ, ಹಾಗಾಗಿ ಪಕ್ಕದ ನಾಲ್ಕು ಐದಾಯಿತು. ಈಗ 39.5. ಐದು ಬಂತಲ್ಲ, ನಲವತ್ತಾಯಿತು. ಢಣ್ ಎಂದು ಗಂಟೆ ಹೊಡೆದ. ಹೆಂಗಸರು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಹಿತ್ತಲ ಗೋಡೆಯ ನೆರಳಿಗೆ ಹೋದರು. ಮರುದಿನವೂ ಹಾಗೇ. ಆ ವಾರ ಅವನ ಹೆಂಡತಿ ಮನೆಗೆ ಬಂದು ಗೋಡೆ ಹಿಡಿಯದೆ ನಡೆದಳು.

ಅಷ್ಟರಲ್ಲಿ ಲೆಕ್ಕದ ಸಾಹೇಬ ಬಂದ. ಕೆಲಸಕ್ಕೆ ಹೊಸಬ, ಕನ್ನಡಕದವನು, ಮೋಸ ಗೊತ್ತಿಲ್ಲದವನು. ಮೀಟರ್ ನೋಡಿದ, ಹಲಗೆ ನೋಡಿದ, ಮುಖ ಹುಳ್ಳಗೆ ಮಾಡಿದ.

"ಇದು ನಲವತ್ತು ಹೇಗಾಯ್ತು?"

ಹೆಚ್ಚುಕಮ್ಮಿ ಎರಡೂ ಮೆಟ್ಟಿಲು ವಿವರಿಸಿದ.

"ಅಯ್ಯೋ, ಎರಡು ಸಲ ರೌಂಡ್ ಮಾಡೋ ಹಾಗಿಲ್ಲಪ್ಪ! ಒಂದೇ ಸಲ. ನೀವು ಎರಡು ಬಸ್ ಸ್ಟಾಪ್ ಮಧ್ಯ ನಿಂತಿದ್ದೀರಿ ಅಂದ್ಕೊಳ್ಳಿ. ಅರ್ಧ ದಾರಿ ಇನ್ನೂ ದಾಟಿಲ್ಲ. ಯಾವುದು ಹತ್ತಿರ?"

"ಹಿಂದಿಂದು."

"ಮುಂದಕ್ಕೆ ಸ್ವಲ್ಪ ಜರುಗಿ ನಿಂತು, ಈಗ ಮುಂದಿನದೇ ಹತ್ತಿರ ಅಂದ್ರೆ?"

ಹೆಚ್ಚುಕಮ್ಮಿ ಬೆರಳು ಮಡಿಸಿ ಇನ್ನೊಮ್ಮೆ ಲೆಕ್ಕ ಹಾಕಿದ. ಆಮೇಲೆ, "ಸಾಹೇಬ್ರು ಹೇಳೋದು ಸರಿ" ಅಂದ. ಹಲಗೆಯಲ್ಲಿ ನಲವತ್ತು ಅಳಿಸಿ ಮೂವತ್ತೊಂಬತ್ತು ಬರೆದ. ಗಂಟೆ ಬಾರಿಸಲಿಲ್ಲ.

ಸಂಘದ ಕೋಣೆಯಲ್ಲಿ ಅವನಿಗೆ ಮಂಗಳಾರತಿ ಆಯಿತು. ಒಪ್ಪಿಕೊಂಡಿದ್ದು ಯಾಕೆ, ವಾದ ಮಾಡಬಾರದಿತ್ತಾ, ಯಾರ ಕಡೆಯವನು ನೀನು ಎಂದು ಒಬ್ಬೊಬ್ಬರೂ ಜಾಡಿಸಿದೆವು. "ತಪ್ಪು ತಪ್ಪೇ ಕಣ್ರೀ" ಎಂದಷ್ಟೇ ಅಂದ. ಬದುಕೆಲ್ಲ ಅಂದಾಜಿನಲ್ಲಿ ತಳ್ಳಿದವನಿಗೆ ಸತ್ಯಸಂಧನಾಗಲು ಆ ದಿನವೇ ಬೇಕಿತ್ತು.

ಮನೆಯಲ್ಲಿ ಹೆಂಡತಿ ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. "ಪೂರ್ತಿ ಬೆಂದಿಲ್ಲ ಬಿಡ್ರೀ. ನಿಮ್ಮ ಸಾಹೇಬ್ರ ಲೆಕ್ಕದಲ್ಲಿ ಇನ್ನೂ ಅರ್ಧ ಹಸಿ ಇದ್ದೀನಿ" ಅಂದಳು.

ಸಾಹೇಬನಿಗೆ ಈಗ ಹುರುಪು ಬಂದಿತ್ತು. ಕಾರ್ಖಾನೆ ಪೂರ್ತಿ ಅಡ್ಡಾಡಿ ಅಂಕಿಗಳನ್ನು ತಿದ್ದತೊಡಗಿದ. ಹಾಗೆ ತಿದ್ದುತ್ತ ಮತ್ತೆ ಇಸ್ತ್ರಿ ಹಾಲಿಗೆ ಬಂದು, ಗೋಡೆಯ ಮೇಲಿನ 'ಗುರಿ: ಗಂಟೆಗೆ 60 ಅಂಗಿ' ಎಂಬ ದೊಡ್ಡ ಬೋರ್ಡಿನ ಮುಂದೆ ನಿಂತ.

"ಈ ಅರವತ್ತು ಎಲ್ಲಿಂದ ಬಂತು?" ಎಂದು ಸೂಪರ್‌ವೈಸರನ್ನು ಕೇಳಿದ.

ಸೂಪರ್‌ವೈಸರ್ ಎದೆಯುಬ್ಬಿಸಿದ. "ಗಡಿಯಾರ ಹಿಡಿದು ನೋಡಿದ್ವಿ ಸಾರ್. ಸರಾಸರಿ ಐವತ್ನಾಲ್ಕು ಪಾಯಿಂಟ್ ಆರು ಬಂತು. ಅಂದ್ರೆ ಐವತ್ತೈದು. ಹತ್ತರ ಲೆಕ್ಕಕ್ಕೆ ತಂದ್ರೆ ಅರವತ್ತು."

"ತಪ್ಪು!" ಸಾಹೇಬ ಖುಷಿಯಿಂದ ಕೂಗಿದ. "ಇಲ್ಲೂ ಎರಡು ಸಲ! ನೇರವಾಗಿ ಹತ್ತಕ್ಕೆ ತಂದ್ರೆ ಐವತ್ತು!"

ಇಡೀ ಹಾಲಿನ ಇಸ್ತ್ರಿ ಪೆಟ್ಟಿಗೆಗಳು ಒಟ್ಟಿಗೇ ನಿಂತವು. ಆಮೇಲೆ ಎದ್ದ ಚಪ್ಪಾಳೆ ಆಫೀಸಿನವರೆಗೂ ಕೇಳಿತು. ಪಾಪ, ಸಾಹೇಬ ಅದು ಗಣಿತಕ್ಕೆ ಬಂದ ಗೌರವ ಎಂದುಕೊಂಡು ಕೈಮುಗಿದ. ಅವತ್ತಿನಿಂದ ಹೆಂಗಸರು ಗಂಟೆಗೆ ಐವತ್ತು ಅಂಗಿ ಮುಗಿಸಿ ಐವತ್ತೊಂದನೆಯದನ್ನು ಮುಟ್ಟಲಿಲ್ಲ.

ಮೂರು ದಿನಕ್ಕೆ ಮ್ಯಾನೇಜರ್ ನಮ್ಮನ್ನು ಕರೆಸಿದ. ಮೂರನೇ ಟೇಬಲ್ಲಿನವಳೂ ಬಂದಳು, ಹೆಚ್ಚುಕಮ್ಮಿಯೂ.

"ನೋಡಿ, ಎರಡೂ ಕಡೆ ಸಣ್ಣಪುಟ್ಟ ತಪ್ಪಾಗಿದೆ. ಎರಡನ್ನೂ ಹಾಗೇ ಬಿಟ್ಬಿಡೋಣ" ಎಂದು ಮ್ಯಾನೇಜರ್ ನಕ್ಕ. "ನಿಮ್ಮ ಗಂಟೆ ನೀವು ಹೊಡ್ಕೊಳ್ಳಿ, ನಮ್ಮ ಅರವತ್ತು ನಮಗಿರ್ಲಿ."

ಹೆಚ್ಚುಕಮ್ಮಿಯ ಮುಖ ಅರಳಿತು. ಅವನಿಗೆ ಬೇಕಾಗಿದ್ದ ಇಪ್ಪತ್ತು ನಿಮಿಷ ತಟ್ಟೆಯಲ್ಲಿ ಬಂದಿತ್ತು. ಹೂಂ ಅನ್ನಲು ಬಾಯಿ ತೆರೆದ. ಹೆಂಡತಿ ಟೇಬಲ್ಲಿನ ಕೆಳಗೆ ಅವನ ಕಾಲು ತುಳಿದಳು.

"ಬೇಡ ಸಾರ್. ತಪ್ಪು ಅಂತ ಇವರು ಎಲ್ಲರೆದುರು ಒಪ್ಕೊಂಡ್ರು. ನೀವೂ ಒಪ್ಕೊಳ್ಳಿ. ಎರಡಕ್ಕೂ ಒಂದೇ ಸಲ ರೌಂಡ್ ಮಾಡೋಣ, ಪೂರ್ಣ ಸಂಖ್ಯೆಗೆ, ಅಷ್ಟೇ. ಅಂಗಿ ಐವತ್ತೈದು."

"ಮತ್ತೆ ಸೆಖೆ?"

"ಮೂವತ್ತೊಂಬತ್ತು. ನಿಮ್ಮ ಸಾಹೇಬ್ರು ಹೇಳಿದ್ದೇ ಸರಿ. ಮೂವತ್ತೊಂಬತ್ತು ಬಂದ್ರೆ ನಿಲ್ಲಿಸ್ತೀವಿ."

"ಅದು ರೌಂಡ್ ಮಾಡೋದಲ್ಲಮ್ಮ, ಮಿತಿನೇ ಬದಲಾಯಿಸೋದು!"

"ಹೌದು ಸಾರ್. ಇಲ್ಲಾಂದ್ರೆ ಐವತ್ತೇ ಇರ್ಲಿ. ನಮಗೇನೂ ಅವಸರ ಇಲ್ಲ."

ಹಡಗು ಹತ್ತಬೇಕಿದ್ದ ಅಂಗಿಗಳು ಮುದುಡಿಕೊಂಡು ಬುಟ್ಟಿಗಳಲ್ಲಿ ಬಿದ್ದಿದ್ದವು. ಮ್ಯಾನೇಜರ್ ಎರಡು ದಿನ ಹಾರಾಡಿ ಮೂರನೆಯ ದಿನ ಐವತ್ತೈದಕ್ಕೂ ಮೂವತ್ತೊಂಬತ್ತಕ್ಕೂ ಸಹಿ ಹಾಕಿದ. ಲೆಕ್ಕದ ಸಾಹೇಬನಿಗೆ ದೂರದ ಗೋದಾಮಿಗೆ ಎತ್ತಂಗಡಿಯಾಯಿತು. ಅವನು ಮಾಡಿದ್ದ ತಪ್ಪೇನು ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೋಗುವಾಗ ಹೆಚ್ಚುಕಮ್ಮಿಯ ಕೈ ಕುಲುಕಿ, "ಒಂದೇ ಸಲ, ಮರೀಬೇಡಿ" ಎಂದ.

ಮರುದಿನ ಮಧ್ಯಾಹ್ನ ಮೀಟರ್ ಮತ್ತೆ 39.46 ತೋರಿಸಿತು. ಹೆಚ್ಚುಕಮ್ಮಿ ಒಂದೇ ಸಲ ರೌಂಡ್ ಮಾಡಿ, ಹಲಗೆಯ ಮೇಲೆ ಮೂವತ್ತೊಂಬತ್ತು ಎಂದು ದಪ್ಪಗೆ ಬರೆದು ಗಂಟೆ ಹೊಡೆದ. ಹೆಂಡತಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಅವನ ಪಕ್ಕದಲ್ಲೇ ಹಾದು ಹಿತ್ತಲಿಗೆ ಹೋದಳು.