ಥ್ರಾಟಲಿಗೆ ಬಿಗಿದ ತಂತಿ

ಗೆಳೆಯರೇ, ಇವತ್ತು ಹಲಗೂರಿನಲ್ಲಿ ನಾನು ಓಡಿಸುವ ಬಸ್ಸಿಗೆ ಒಬ್ಬ ಬಸುರಿ ಹುಡುಗಿಯನ್ನು ಎತ್ತಿ ತಂದು ಮಲಗಿಸಿದರು. ನಿನ್ನೆಯಿಂದ ಹೆರಿಗೆ ನೋವು. ಬೇಗ ಮಳವಳ್ಳಿ ಆಸ್ಪತ್ರೆ ಮುಟ್ಟಿಸಬೇಕಿತ್ತು. ಆದರೆ ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದ ಮೇಲೆ, ಎಂಜಿನ್ನಿಗೆ ಪೆಟ್ರೋಲ್ ಹರಿಯುವುದನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಅರ್ಧಕ್ಕಿಂತ ಹೆಚ್ಚು ತೆರೆಯದಂತೆ ಮಾಲೀಕರು ತಂತಿ ಬಿಗಿಸಿದ್ದಾರೆ. ಎಷ್ಟು ತುಳಿದರೂ ಈ ಹಳೇ ಬಸ್ಸು ಎತ್ತಿನ ಗಾಡಿಯ ಹಾಗೆ ಹೋಗುತ್ತದೆ.

ಮೆಕ್ಯಾನಿಕ್ ಬಾಷಾ ಸಾಬರು ಇಕ್ಕಳ ಹಿಡಿದು ಬಂದರು. “ತಂತಿ ಕಿತ್ತಾಕ್ತೀನಿ ಕಣ್ಲಾ,” ಎಂದರು.

“ಬ್ಯಾಡಿ ಸಾಬ್ರೇ, ನನ್ ಕೆಲ್ಸ ಓಯ್ತದೆ,” ಎಂದೆ.

ಹುಡುಗಿಯ ತಾಯಿ ನನ್ನ ಮುಖ ನೋಡಿದಳು. “ನಿಂಗೂ ಎಣ್ಮಕ್ಕಳವ್ರೇನಪ್ಪಾ?” ಎಂದು ಮೆಲ್ಲಗೆ ಕೇಳಿದಳು.

ಇಕ್ಕಳ ಇಸಿದುಕೊಂಡು ನಾನೇ ತಂತಿ ಕತ್ತರಿಸಿದೆ. ಸಾಬರು ಸ್ಕ್ರೂ ತಿರುಗಿಸಿ ಥ್ರಾಟಲ್ ಪೂರ್ತಿ ತೆರೆಯುವ ಹಾಗೆ ಮಾಡಿದರು. ನಡುದಾರಿಯಲ್ಲಿ ಇಳಿಯಬೇಕಾದವರೂ “ನಿಲ್ಲಿಸ್ಬ್ಯಾಡ, ಓಡ್ಸು” ಎಂದರು.

ಹುಡುಗಿ ಉಳಿದಳು. ಮಗು ಉಳಿಯಲಿಲ್ಲ.

ಸಂಜೆ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು “ಪಾಪ” ಎಂದರು. ಆಮೇಲೆ ಒಂದು ಕಡ್ಡಿ ತಂದು ಪೆಟ್ರೋಲ್ ಟ್ಯಾಂಕಿನೊಳಗೆ ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿದರು.